‘ಒಂದಕ್ಕೆ ಬರ್ತಿದ್ಯಾ?’ ಅಂತ ಕೇಳಬೇಡಿ: ಡೈಪರ್ ಬಿಟ್ಟ ಮಗುವಿನ ಜೊತೆ ದೂರದ ಪ್ರಯಾಣ

ಸಕಲೇಶಪುರದಲ್ಲಿ ಕಾಫಿ ಕುಡಿದು ಏಳುವಾಗ ಮಗಳನ್ನು ಕೇಳಿದ್ದೆ, “ಒಂದಕ್ಕೆ ಬರ್ತಿದ್ಯಾ ಪುಟ್ಟಿ?” “ಇಲ್ಲ” ಅಂದಳು. ಅವಳಿಗೆ ಆಗ ಮೂರೂಕಾಲು ವರ್ಷ. ಡೈಪರ್ ಬಿಟ್ಟು ನಾಲ್ಕು ತಿಂಗಳಾಗಿತ್ತು, ಮನೆಯಲ್ಲಿ ಹಗಲು ಹೊತ್ತು ಚಡ್ಡಿ ಒದ್ದೆ ಮಾಡಿಕೊಳ್ಳುವುದು ನಿಂತೇ ಹೋಗಿತ್ತು. ನಂಬಿ ಹೊರಟೆವು. ಮಾರನಹಳ್ಳಿ ದಾಟಿ ಶಿರಾಡಿ ಘಾಟಿ ಇಳಿಯತೊಡಗಿದ್ದೇ ತಡ, ಹಿಂದಿನ ಸೀಟಿನಿಂದ “ಅಮ್ಮಾ, ಅರ್ಜೆಂಟು!” ಮುಂದೆ ಟ್ಯಾಂಕರ್, ಹಿಂದೆ ಬಸ್ಸು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹೊಳೆ. ಗಾಡಿ ನಿಲ್ಲಿಸಲು ಜಾಗ ಸಿಗುವಷ್ಟರಲ್ಲಿ ಸೀಟು, ಫ್ರಾಕು, ಕೈಯಲ್ಲಿದ್ದ ಗೊಂಬೆ ಎಲ್ಲ ಒದ್ದೆ. ಅವಳು ಅತ್ತಿದ್ದು ಒದ್ದೆಯಾಯಿತೆಂದಲ್ಲ, “ಆಗ್ಲೇ ಕೇಳಿದ್ನಲ್ಲ!” ಅಂತ ನಾನು ರೇಗಿದ್ದಕ್ಕೆ.

ತಪ್ಪು ನನ್ನದು. ನಾನು ಕೇಳಿದ ಹೊತ್ತಿನಲ್ಲಿ ಅವಳಿಗೆ ಬಂದಿರಲಿಲ್ಲ, ಅಷ್ಟೆ. ಮೂರು ವರ್ಷದ ಮಗುವಿಗೆ ‘ಈಗ ಬರ್ತಿದೆ’ ಅನ್ನುವುದು ಗೊತ್ತಾಗುತ್ತದೆ, ‘ಇನ್ನು ಅರ್ಧ ಗಂಟೆಗೆ ಬರಬಹುದು, ಮುಂದೆ ಘಾಟಿ ಇದೆ, ಈಗಲೇ ಮುಗಿಸಿಕೊಳ್ಳೋಣ’ ಅನ್ನುವುದು ಗೊತ್ತಾಗುವುದಿಲ್ಲ. ಆ ಲೆಕ್ಕ ಹಾಕಬೇಕಾದವರು ನಾವು. ಆಮೇಲೆ ಬೆಂಗಳೂರು–ಪುತ್ತೂರು ದಾರಿಯಲ್ಲಿ ಕಾರು, ಬಸ್ಸು, ರೈಲು ಮೂರರಲ್ಲೂ ಹಲವು ಸಲ ಓಡಾಡಿದ್ದೇವೆ. ಈಗ ಮಗಳು ಎರಡನೇ ಕ್ಲಾಸು, ಅವಳ ತಮ್ಮನಿಗೆ ನಾಲ್ಕು ವರ್ಷ. ಬಿದ್ದು ಎದ್ದು ಕಲಿತದ್ದನ್ನು ಹೊರಡುವ ಮೊದಲಿನಿಂದ ಊರು ಮುಟ್ಟುವವರೆಗಿನ ಕ್ರಮದಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ

ಮಕ್ಕಳ ಮೂತ್ರಕೋಶ ಎಷ್ಟು ಹಿಡಿಯುತ್ತದೆ ಎಂದು ಅಂದಾಜು ಮಾಡಲು ವೈದ್ಯರು ಬಳಸುವ ಒಂದು ಸುಲಭ ಸೂತ್ರವಿದೆ. ಮಗುವಿನ ವಯಸ್ಸಿಗೆ 1 ಸೇರಿಸಿ 30ರಿಂದ ಗುಣಿಸಿದರೆ ಮಿಲಿಲೀಟರ್ ಲೆಕ್ಕ ಬರುತ್ತದೆ. 3 ವರ್ಷಕ್ಕೆ 120, 4 ವರ್ಷಕ್ಕೆ 150, 5 ವರ್ಷಕ್ಕೆ 180. ದೊಡ್ಡವರಲ್ಲಿ ಇದು 400ರಿಂದ 500. ಅಂದರೆ ಮೂರು ವರ್ಷದ ಮಗುವಿನದ್ದು ದರ್ಶಿನಿಯ ಕಾಫಿ ಲೋಟದಷ್ಟು ಜಾಗ. ಬೆಂಗಳೂರಿನಲ್ಲಿ ಹತ್ತಿ ಹಾಸನದಲ್ಲಿ ಇಳಿಯುವ ನಮ್ಮ ತಾಳ್ಮೆಯನ್ನು ಆ ಲೋಟದಿಂದ ನಿರೀಕ್ಷಿಸಬಾರದು.

ನಾನು ಪಾಲಿಸುವ ಅಂತರ ಹೀಗಿದೆ: ಮೂರು ವರ್ಷದ ಆಸುಪಾಸಿನವರಿಗೆ ಒಂದೂವರೆ ಗಂಟೆಗೊಮ್ಮೆ, ನಾಲ್ಕೈದು ವರ್ಷದವರಿಗೆ ಎರಡು ಗಂಟೆಗೊಮ್ಮೆ. ಡೈಪರ್ ಬಿಟ್ಟು ಇನ್ನೂ ತಿಂಗಳಾಗಿಲ್ಲ ಅಂದರೆ ಒಂದು ಗಂಟೆ. ಎಸಿ ಜೋರಾಗಿದ್ದರೆ, ಮಳೆಗಾಲದ ತಂಪಿದ್ದರೆ ಇನ್ನೂ ಸ್ವಲ್ಪ ಬೇಗ. ಹೊರಡುವ ಮೊದಲು ಎರಡು ಮೂರು ದಿನ ಮನೆಯಲ್ಲೇ ನಿಮ್ಮ ಮಗು ಎಷ್ಟು ಹೊತ್ತಿಗೊಮ್ಮೆ ಹೋಗುತ್ತದೆ ಎಂದು ಗಮನಿಸಿದರೆ ನನ್ನ ಅಂತರಕ್ಕಿಂತ ನಿಮ್ಮದೇ ಸರಿಯಾದ ಅಂತರ ಸಿಗುತ್ತದೆ.

ಆಮೇಲೆ ಆ ಅಂತರವನ್ನು ದಾರಿಯ ಮೇಲೆ ಹಾಸಿ. ನಮ್ಮದು ಸುಮಾರು 310 ಕಿ.ಮೀ. ಬೆಳಿಗ್ಗೆ ಆರಕ್ಕೆ ಹೊರಟರೆ ಮೊದಲ ನಿಲುಗಡೆ ಯಡಿಯೂರು ಅಥವಾ ಬೆಳ್ಳೂರು ಕ್ರಾಸ್, ಅಲ್ಲೇ ತಿಂಡಿ. ಎರಡನೆಯದು ಹಾಸನ. ಮೂರನೆಯದು ಸಕಲೇಶಪುರ, ಇದು ಕಡ್ಡಾಯ. ಇಲ್ಲಿಂದ ಗುಂಡ್ಯ ಮುಟ್ಟುವವರೆಗೆ ಮಗುವನ್ನು ಇಳಿಸುವಂಥ ಒಳ್ಳೆಯ ಜಾಗ ಸಿಗುವುದು ಕಷ್ಟ. ಮಳೆಗಾಲದಲ್ಲಿ ದೋಣಿಗಾಲ್ ಬಳಿ ಮಣ್ಣು ಕುಸಿದು ವಾಹನಗಳು ಸಾಲುಗಟ್ಟಿದರೆ ಅರ್ಧ ಗಂಟೆಯ ದಾರಿ ಎರಡು ಗಂಟೆಯೂ ಆಗಬಹುದು. ನಿಮ್ಮ ದಾರಿಯಲ್ಲೂ ಇಂಥದ್ದೊಂದು ‘ಸಕಲೇಶಪುರ’ ಇದ್ದೇ ಇರುತ್ತದೆ: ಚಾರ್ಮಾಡಿಗೆ ಮೊದಲು ಕೊಟ್ಟಿಗೆಹಾರ, ಅಂಕೋಲಾಕ್ಕೆ ಇಳಿಯುವವರಿಗೆ ಯಲ್ಲಾಪುರ. ಅದನ್ನು ಗುರುತಿಸಿಕೊಳ್ಳಿ. ಅಂತರ ಆಗಿರಲಿ, ಆಗಿಲ್ಲದಿರಲಿ, ಅಲ್ಲಿ ನಿಲ್ಲಲೇಬೇಕು.

ಹೊಸ ಹೆದ್ದಾರಿಗಳ ಕಥೆ ಬೇರೆ. 2023ರಲ್ಲಿ ತೆರೆದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲ ಬೈಪಾಸಿನ ಆಚೆಗೆ ಸರಿದಿವೆ. ಮುಂಚೆ ಮದ್ದೂರು ವಡೆಗೆ ಅಂತ ನಿಲ್ಲಿಸಿದಲ್ಲೇ ಮಕ್ಕಳ ಕೆಲಸವೂ ಮುಗಿಯುತ್ತಿತ್ತು. ಈಗ ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಇಳಿಯುವ ಜಾಗ ತಪ್ಪಿಸಿಕೊಂಡರೆ ಮುಂದಿನದು ಬರುವವರೆಗೆ ಕಾಯಬೇಕು. ವಾಹನಗಳು ನೂರರ ವೇಗದಲ್ಲಿ ಹೋಗುವ ಆ ರಸ್ತೆಯ ಅಂಚಿನಲ್ಲಿ ಮಗುವನ್ನು ಇಳಿಸುವ ಯೋಚನೆಯೇ ಬೇಡ. ಸೀಟು ಒದ್ದೆಯಾದರೆ ಆಗಲಿ.

ಹೊರಡುವ ಹಿಂದಿನ ವಾರ

ಮನೆಯ ಕಮೋಡಿಗೆ ಮಾತ್ರ ಒಗ್ಗಿದ ಮಗು ದಾರಿಯಲ್ಲಿ ಕಟ್ಟಿಕೊಂಡು ಕೂರುತ್ತದೆ. ಗುಳಿಯ ಕಕ್ಕಸು ಕಂಡರೆ ಬೀಳುವ ಭಯ, ಕತ್ತಲ ಭಯ, ಫ್ಲಶ್ ಸದ್ದಿನ ಭಯ. ಹೊರಡುವ ಮೊದಲೇ ಹತ್ತಿರದ ಮಾಲ್, ಹೋಟೆಲ್, ಪರಿಚಯದವರ ಮನೆ, ಹೀಗೆ ಎರಡು ಮೂರು ಬೇರೆ ಬೇರೆ ಕಡೆ ಹೋಗಿಸಿ ಅಭ್ಯಾಸ ಮಾಡಿಸಿ. ಮನೆಯಲ್ಲಿ ಇಂಡಿಯನ್ ಕಕ್ಕಸು ಇಲ್ಲದಿದ್ದರೆ ಬಚ್ಚಲಿನಲ್ಲೇ ಕುಕ್ಕುರುಗಾಲಿನಲ್ಲಿ ಕೂತು ಒಂದಕ್ಕೆ ಹೋಗುವುದನ್ನು ಆಟದಂತೆ ಕಲಿಸಬಹುದು.

ನಮ್ಮ ಅತ್ತೆಯ ಉಪಾಯ ನಾನು ಕೊಂಡ ಎಲ್ಲ ಸಾಮಾನಿಗಿಂತ ಹೆಚ್ಚು ಕೆಲಸಕ್ಕೆ ಬಂದಿದೆ. ಹಿಂದೆ ಕೂಸುಗಳನ್ನು ದೊಡ್ಡವರು ತಮ್ಮ ಎರಡು ಪಾದಗಳ ಮೇಲೆ ಕೂರಿಸಿಕೊಂಡು ಎರಡಕ್ಕೆ ಮಾಡಿಸುತ್ತಿದ್ದರಲ್ಲ, ಅದೇ. ನೀವು ಮೆಟ್ಟಿಲ ಮೇಲೋ ಕಲ್ಲಿನ ಮೇಲೋ ಕೂತು, ಪಾದಗಳನ್ನು ಸ್ವಲ್ಪ ಅಗಲಿಸಿ, ಮಗುವಿನ ಬೆನ್ನು ನಿಮ್ಮ ಮೊಣಕಾಲಿಗೆ ಒರಗುವಂತೆ ಕೂರಿಸಬೇಕು. ಮಗುವಿಗೆ ಬೀಳುವ ಭಯವಿಲ್ಲ, ನೆಲ ತಾಗುವುದಿಲ್ಲ, ಬಟ್ಟೆ ನೆನೆಯುವುದಿಲ್ಲ. ನಾಲ್ಕು ವರ್ಷದವರೆಗೂ ಇದು ನಡೆಯುತ್ತದೆ. ನಿಂತು ಎತ್ತಿ ಹಿಡಿಯುವುದಾದರೆ ಮಗುವಿನ ಬೆನ್ನು ನಿಮ್ಮ ಎದೆಗೆ ಒರಗಿರಲಿ, ಎರಡೂ ತೊಡೆಯ ಕೆಳಗೆ ಕೈಯಿರಲಿ, ಮೊಣಕಾಲು ಸೊಂಟಕ್ಕಿಂತ ಮೇಲಿರಲಿ. ಇದನ್ನೂ ಮನೆಯಲ್ಲೇ ಮಾಡಿ ನೋಡಿ. ಹೆದ್ದಾರಿಯ ಬದಿಯಲ್ಲಿ ಮೊದಲ ಸಲ ಎತ್ತಿ ಹಿಡಿದರೆ ಮಗು ನಗುತ್ತದೆ ಅಥವಾ ಒದೆಯುತ್ತದೆ, ಒಂದಕ್ಕಂತೂ ಹೋಗುವುದಿಲ್ಲ.

ಚೀಲ

ಬಟ್ಟೆಯ ಸೂಟ್‌ಕೇಸಿನೊಳಗಲ್ಲ, ಬೇರೆಯದೇ ಒಂದು ಚೀಲ, ಕಾಲ ಬಳಿ ಕೈಗೆ ಸಿಗುವಂತೆ. ಡಿಕ್ಕಿಯಲ್ಲಿಟ್ಟರೆ ಇಟ್ಟೂ ಇಲ್ಲದಂತೆ. ಅದರಲ್ಲಿ ಒಂದು ಪ್ಲಾಸ್ಟಿಕ್ ಚೊಂಬು ಅಥವಾ ಸಣ್ಣ ಮಗ್, ತೊಳೆಯಲು ಎರಡು ಲೀಟರಿನ ನೀರಿನ ಬಾಟಲಿ, ಒದ್ದೆ ವೈಪ್ಸ್, ಪೇಪರ್ ಸೋಪು, ಹಳೆಯ ಪಂಚೆ ಹರಿದು ಮಾಡಿದ ನಾಲ್ಕು ತುಂಡು, ಹಳೇ ಪೇಪರು, ಬಿಗಿಯಾಗಿ ಮುಚ್ಚುವ ಕವರುಗಳು, ಒಂದು ರಬ್ಬರ್ ಶೀಟು. ಬಟ್ಟೆ ಎರಡು ಜೊತೆ, ಚಡ್ಡಿ ನಾಲ್ಕು. ಚಪ್ಪಲಿ ಇನ್ನೊಂದು ಜೊತೆ, ಇದನ್ನು ಎಲ್ಲರೂ ಮರೆಯುತ್ತಾರೆ. ನಿಂತಲ್ಲೇ ಆದಾಗ ಮೊದಲು ತುಂಬುವುದು ಶೂ. ಐದು ಹತ್ತರ ಚಿಲ್ಲರೆಯೂ ಇರಲಿ. ಹಣ ಕೊಟ್ಟು ಹೋಗುವ ಶೌಚಾಲಯಗಳ ಬಾಗಿಲಲ್ಲಿ ಮಗುವನ್ನು ಕುಣಿಸುತ್ತಾ ಫೋನಿಗೆ ನೆಟ್‌ವರ್ಕ್ ಹುಡುಕುವ ಸ್ಥಿತಿ ಯಾರಿಗೂ ಬೇಡ.

ಕಾರಿನಲ್ಲಿ ಹೋಗುವವರು ಮಗುವಿನ ಹಳೆಯ ಪಾಟಿಯನ್ನೇ (ಮಕ್ಕಳು ಒಂದಕ್ಕೆ, ಎರಡಕ್ಕೆ ಕೂರುವ ಪುಟ್ಟ ಕಮೋಡು) ಡಿಕ್ಕಿಗೆ ಹಾಕಿಕೊಳ್ಳಿ. ಅದರೊಳಗೆ ಒಂದು ದಪ್ಪ ಕವರು ಹೊದಿಸಿ, ಕವರಿನೊಳಗೆ ಉಳಿದಿರುವ ಹಳೆಯ ಡೈಪರನ್ನು ಬಿಡಿಸಿಟ್ಟರೆ ಒಂದು, ಎರಡು ಯಾವುದಾದರೂ ಅದೇ ಹೀರಿಕೊಳ್ಳುತ್ತದೆ, ಚೆಲ್ಲುವುದಿಲ್ಲ. ಕವರು ಗಂಟು ಕಟ್ಟಿ, ಕಸದ ಡಬ್ಬಿ ಸಿಗುವವರೆಗೆ ಜೊತೆಗಿಟ್ಟುಕೊಂಡರಾಯಿತು. ಮಡಚುವ ಟ್ರಾವೆಲ್ ಪಾಟಿಗಳೂ ಸಿಗುತ್ತವೆ. ಕೊಳ್ಳಲೇಬೇಕು ಅಂತೇನಿಲ್ಲ, ಆದರೆ ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಹೋಗುವವರಿಗೆ ಅನುಕೂಲ.

ಗಂಡುಮಕ್ಕಳಿಗೆ ಅಗಲ ಬಾಯಿಯ, ಮುಚ್ಚಳ ಗಟ್ಟಿಯಿರುವ ಬಾಟಲಿ ಸಾಕು. ಅದು ಕುಡಿಯುವ ನೀರಿನ ಬಾಟಲಿಯಂತೆ ಕಾಣದಿರಲಿ. ಕಪ್ಪು ಮಾರ್ಕರಿನಲ್ಲಿ ದೊಡ್ಡ ಗುರುತು ಹಾಕಿ. ನಮ್ಮ ಕಾರಿನಲ್ಲಿ ಒಮ್ಮೆ ಮೈದುನ ‘ಓ, ಆಪಲ್ ಜ್ಯೂಸಾ?’ ಅಂತ ಮುಚ್ಚಳ ತಿರುಗಿಸಿಯೇ ಬಿಟ್ಟಿದ್ದ. ಬಾಟಲಿ ಬಳಸುವಾಗಲೂ ಗಾಡಿ ನಿಂತಿರಬೇಕು. ಓಡುವ ಕಾರಿನಲ್ಲಿ ಬೆಲ್ಟ್ ಬಿಚ್ಚಿ ಮಗುವನ್ನು ನಿಲ್ಲಿಸಬಾರದು.

ಇನ್ನು ಹಾಕುವ ಬಟ್ಟೆ. ಎಲಾಸ್ಟಿಕ್ ಚಡ್ಡಿ, ಎಲಾಸ್ಟಿಕ್ ಪ್ಯಾಂಟು, ಸಡಿಲ ಫ್ರಾಕು. ಜಂಪ್‌ಸೂಟ್, ಬೆಲ್ಟು, ಗುಂಡಿಯ ಜೀನ್ಸು, ಕಾಲಿಗೆ ಅಂಟುವ ಟೈಟ್ಸ್ ಯಾವುದೂ ಬೇಡ. ಮದುವೆಗೆ ಹೋಗುವುದಾದರೆ ಜರಿ ಲಂಗ ಛತ್ರ ಮುಟ್ಟಿದ ಮೇಲೆ ಉಡಿಸಿ. ಫೋಟೋಗೆ ಚೆಂದ ಕಾಣಲಿ ಅಂತ ಮನೆಯಿಂದಲೇ ಉಡಿಸಿ ಹೊರಟವರು ಲಂಗ ಹಿಂಡಿ ಛತ್ರದ ಕಿಟಕಿಗೆ ಹರವಿದ್ದನ್ನು ನೋಡಿದ್ದೇನೆ.

ಹೊರಡುವ ಬೆಳಿಗ್ಗೆ

ಮುಕ್ಕಾಲು ಗಂಟೆ ಮೊದಲೇ ಎಬ್ಬಿಸಿ. ಈ ಒಂದು ಕೆಲಸಕ್ಕೇ. ಹೊಟ್ಟೆಗೆ ಏನಾದರೂ ಬಿದ್ದ ಮೇಲೆ ಕರುಳು ತಾನಾಗಿ ಚುರುಕಾಗುತ್ತದೆ. ಬಿಸಿ ಹಾಲೋ ರಾಗಿ ಗಂಜಿಯೋ ಕುಡಿಸಿ ಹದಿನೈದು ಇಪ್ಪತ್ತು ನಿಮಿಷಕ್ಕೆ ಕೂರಿಸಿದರೆ ಎರಡಕ್ಕೆ ಮನೆಯಲ್ಲೇ ಆಗುವ ಸಂಭವ ಹೆಚ್ಚು. ನಿದ್ದೆಗಣ್ಣಲ್ಲೇ ಎತ್ತಿ ಕಾರಿಗೆ ಹಾಕಿಕೊಂಡರೆ ಮಗು ಏಳುವುದು ಕುಣಿಗಲ್ ಹತ್ತಿರ, ಏಳುತ್ತಲೇ ಎರಡಕ್ಕೆ.

ಹಾಗಂತ ಆಗಲೇಬೇಕೆಂದು ಹಟ ಹಿಡಿಯಬೇಡಿ. ಐದು ನಿಮಿಷ ಕೂತು ಆಗಲಿಲ್ಲವೇ, ಎಬ್ಬಿಸಿ. ಗೇಟಿಗೆ ಬೀಗ ಹಾಕುವ ಮೊದಲು ಕಡೆಯದಾಗಿ ಒಮ್ಮೆ ಒಂದಕ್ಕೆ. ಮಕ್ಕಳು ಮಾತ್ರವಲ್ಲ, ಮನೆಮಂದಿಯೆಲ್ಲ ಸರದಿಯಲ್ಲಿ ಹೋಗಿ ಬನ್ನಿ. ಅಪ್ಪನೂ ಹೋದ, ಅಜ್ಜಿಯೂ ಹೋದಳು ಅಂದರೆ ಮಗುವಿಗೆ ಅದು ಶಿಕ್ಷೆಯಲ್ಲ, ಹೊರಡುವ ಶಾಸ್ತ್ರ.

ನೀರು ಕಡಿಮೆ ಮಾಡುವ ತಪ್ಪು

ದಾರಿಯಲ್ಲಿ ತೊಂದರೆ ಬೇಡವೆಂದು ನೀರೇ ಕೊಡದೆ ಕರೆದೊಯ್ಯುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ತಪ್ಪು ಅನ್ನಿಸುವುದೇ ಇಲ್ಲ. ನೀರು ಕಡಿಮೆಯಾದರೆ ಮೂತ್ರ ಗಾಢವಾಗಿ ಉರಿಯುತ್ತದೆ. ಉರಿಗೆ ಹೆದರಿ ಮಗು ಕಟ್ಟಿಕೊಳ್ಳುತ್ತದೆ, ಮಲವೂ ಗಟ್ಟಿಯಾಗುತ್ತದೆ. ಗಟ್ಟಿ ಮಲ ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿದಾಗ ಮತ್ತೆ ಮತ್ತೆ ಅರ್ಜೆಂಟು, ಮತ್ತೆ ಮತ್ತೆ ಒದ್ದೆ. ತಪ್ಪಿಸಲು ಹೋದದ್ದೇ ಬಂದು ಕುತ್ತಿಗೆಗೆ ಕೂರುತ್ತದೆ.

ಕುಡಿಯುವ ನೀರನ್ನು ಕಡಿಮೆ ಮಾಡಬೇಡಿ, ಹೊತ್ತು ಬದಲಿಸಿ. ಗಾಡಿ ಓಡುವಾಗ ಗುಟುಕು ಗುಟುಕು. ಹೊಟ್ಟೆ ತುಂಬ ಕುಡಿಯುವುದು ನಿಂತಲ್ಲಿ, ಇಳಿದ ಕೂಡಲೇ. ಎಳನೀರು, ಕಲ್ಲಂಗಡಿ, ಮಜ್ಜಿಗೆ ಎಲ್ಲ ಊರು ಮುಟ್ಟಿದ ಮೇಲೆ. ಘಾಟಿಗೆ ಮೊದಲು ಎಳನೀರು ಕುಡಿಸಿದರೆ ಅದರ ಫಲ ಘಾಟಿಯಲ್ಲೇ ಸಿಗುತ್ತದೆ. ಕೋಲಾ, ಟೀ, ಕಾಫಿ ಮಕ್ಕಳಿಗೆ ಬೇಡವೇ ಬೇಡ.

ನಿಂತಾಗ ಮಾಡಬೇಕಾದ್ದು

ಪ್ರತಿ ನಿಲುಗಡೆಯಲ್ಲೂ ಎರಡು ಸಲ ಕರೆದೊಯ್ಯಿರಿ. ಇಳಿದ ಕೂಡಲೇ ಒಮ್ಮೆ, ತಿಂದು, ನೀರು ಕುಡಿದು, ಸ್ವಲ್ಪ ಓಡಾಡಿ, ಹೊರಡುವ ಮುನ್ನ ಇನ್ನೊಮ್ಮೆ. ಮೊದಲ ಸಲ ಅವಸರದಲ್ಲಿ ಅರ್ಧ ಮಾಡಿ ಓಡುವ ಮಗು ಎರಡನೇ ಸಲ ಪೂರ್ತಿ ಖಾಲಿ ಮಾಡುತ್ತದೆ. ನನ್ನ ಮಟ್ಟಿಗೆ ಇಡೀ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದು.

ಕರೆಯುವ ರೀತಿಯೂ ಮುಖ್ಯ. “ಬರ್ತಿದ್ಯಾ?” ಅಂದರೆ ಉತ್ತರ “ಇಲ್ಲ” ಅಂತಲೇ. “ಬಾ, ಈಗ ನಮ್ಮ ಸುಸ್ಸು ಟೈಮು, ಆಮೇಲೆ ದೋಸೆ” ಅನ್ನಿ. ಬರಲಿಲ್ಲ ಅಂದರೆ “ಪರವಾಗಿಲ್ಲ, ಹತ್ತು ಎಣಿಸುವವರೆಗೆ ಕೂತು ನೋಡೋಣ.” ಆರು ಏಳಕ್ಕೆ ಬಂದೇ ಬರುತ್ತದೆ. ನಲ್ಲಿ ಸಣ್ಣಗೆ ಬಿಟ್ಟು ನೀರಿನ ಸದ್ದು ಕೇಳಿಸುವುದು, ‘ಸ್ಸ್‌ಸ್ಸ್’ ಅನ್ನುವುದು ಅಜ್ಜಿಯರ ಕಾಲದ್ದಾದರೂ ಇವತ್ತಿಗೂ ಕೆಲಸ ಮಾಡುತ್ತದೆ.

ಎಲ್ಲಿ ನಿಲ್ಲಿಸುವುದು? ನನ್ನ ಆಯ್ಕೆಯಲ್ಲಿ ಮೊದಲು ಜನ ತುಂಬಿರುವ ಸಸ್ಯಾಹಾರಿ ಹೋಟೆಲು, ಯಾಕೆಂದರೆ ಅಲ್ಲಿ ನೀರು ಖಂಡಿತ ಇರುತ್ತದೆ. ಆಮೇಲೆ ದೊಡ್ಡ ಪೆಟ್ರೋಲ್ ಬಂಕು. ಬಂಕುಗಳಲ್ಲಿ ಗ್ರಾಹಕರಿಗೆ ಶೌಚಾಲಯ, ಕುಡಿಯುವ ನೀರು, ಟೈರಿಗೆ ಗಾಳಿ ಉಚಿತವಾಗಿ ಇರಬೇಕು. ಬೀಗ ಹಾಕಿದ್ದರೆ ಸಂಕೋಚಪಡದೆ ಕೀಲಿ ಕೇಳಿ. ನಮಗೆ ಒಂದು ಕಡೆ “ಮೋಟ್ರು ಕೆಟ್ಟಿದೆ ಮೇಡಂ” ಅಂದರು. “ನೀರು ನಮ್ಮ ಹತ್ರ ಇದೆ, ಮಗು ಸಾರ್” ಅಂದ ಕೂಡಲೇ ಕೀಲಿ ಬಂತು. ಚೀಲದಲ್ಲಿನ ಆ ಎರಡು ಲೀಟರು ಅಲ್ಲಿ ಸಾರ್ಥಕವಾಯಿತು. ಬಸ್ ನಿಲ್ದಾಣ ನನ್ನ ಪಟ್ಟಿಯಲ್ಲಿ ಕೊನೆಗೆ. ಕಾರಣ ಹೇಳಬೇಕಿಲ್ಲ.

ಒಳಗೆ ಹೋದ ಮೇಲೆ ಮೊದಲು ನೀವು ಇಣುಕಿ ನೋಡಿ, ಒಂದು ಚೊಂಬು ನೀರು ಹಾಕಿ, ಆಮೇಲೆ ಮಗುವನ್ನು ಕರೆಯಿರಿ. ಪ್ಯಾಂಟನ್ನು ಮೊಣಕಾಲಿಗೆ ಇಳಿಸುವ ಬದಲು ಪೂರ್ತಿ ಬಿಚ್ಚಿ ನಿಮ್ಮ ಹೆಗಲಿಗೆ ಹಾಕಿಕೊಂಡರೆ ಕೆಳಗಿನ ಒದ್ದೆ ತಾಗುವುದಿಲ್ಲ. ಕಮೋಡ್ ಆದರೆ ಸೀಟನ್ನು ಒರೆಸಿ, ಪೇಪರು ಹಾಸಿ ಕೂರಿಸಿ, ಕಂಕುಳಿಗೆ ಕೈ ಕೊಡಿ. ಫ್ಲಶ್ ಮಾಡುವುದು ಮಗು ಹೊರಗೆ ಹೋದ ಮೇಲೆ. ಹೆಣ್ಣುಮಕ್ಕಳನ್ನು ತೊಳೆಯುವುದು, ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ, ಹಿಂದಿನ ಸೋಂಕು ಮುಂದಕ್ಕೆ ಬರಬಾರದು. ತೊಳೆದ ಮೇಲೆ ಒಣಗಿಸಿ. ಒದ್ದೆ ಚಡ್ಡಿಯಲ್ಲಿ ಆರು ಗಂಟೆ ಕೂತರೆ ತೊಡೆ ಸಂದು ಕೆಂಪಾಗುತ್ತದೆ.

ಅಪ್ಪ ಒಬ್ಬನೇ ಮಗಳನ್ನು ಕರೆದುಕೊಂಡು ಬಂದಿದ್ದರೆ? ನಮ್ಮ ಮನೆಯವರು ಮೊದಮೊದಲು ಮಹಿಳೆಯರ ಬಾಗಿಲಲ್ಲಿ ಯಾರಾದರೂ ಅಕ್ಕ ಸಿಕ್ಕಾರೇ ಅಂತ ನಿಲ್ಲುತ್ತಿದ್ದರು. ಅಪರಿಚಿತರ ಜೊತೆ ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಈಗ ಅವರು ಸೀದಾ ಪುರುಷರ ಕಡೆಗೇ ಎತ್ತಿಕೊಂಡು ಹೋಗಿ, ಬಾಗಿಲಿರುವ ಕೋಣೆಗೆ ಒಯ್ಯುತ್ತಾರೆ. ಇಷ್ಟು ಸಣ್ಣ ಮಗು, ಜೊತೆಗೆ ಅಪ್ಪ. ಯಾರೂ ಏನೂ ಅನ್ನುವುದಿಲ್ಲ.

ಜಾಗವೇ ಸಿಗದಾಗ

ರಸ್ತೆ ಬದಿ ಕೊನೆಯ ದಾರಿ. ತಿರುವಿನಲ್ಲಲ್ಲದೆ ಹಿಂದಿನಿಂದ ಬರುವವರಿಗೆ ಕಾಣುವಂತೆ, ಡಾಂಬರಿನಿಂದ ಪೂರ್ತಿ ಕೆಳಗಿಳಿಸಿ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಹಾಕಿ. ಮಗುವನ್ನು ಎಡ ಬಾಗಿಲಿನಿಂದಲೇ ಇಳಿಸಿ. ಎಡಗಡೆಯ ಮುಂದಿನ ಹಿಂದಿನ ಬಾಗಿಲು ಎರಡನ್ನೂ ತೆರೆದರೆ ನಡುವೆ ಮರೆಯಾದ ಜಾಗ ಸಿಗುತ್ತದೆ. ಅಲ್ಲೇ ಪಾಟಿ ಇಡಿ, ಇಲ್ಲವೇ ಎತ್ತಿ ಹಿಡಿಯಿರಿ. ಹೊರಬದಿಗೆ ಒಂದು ಟವೆಲು ಹಿಡಿದರೆ ಮರೆ ಪೂರ್ತಿ. ಮಳೆಗಾಲದಲ್ಲಿ ಮಲೆನಾಡಿನ ಹುಲ್ಲಿನಲ್ಲಿ ಕೂರಿಸಬೇಡಿ, ಇಂಬಳ ಹತ್ತುತ್ತದೆ. ಹತ್ತಿದ್ದು ಗೊತ್ತಾಗುವುದು ಅಜ್ಜಿ ಮನೆಯಲ್ಲಿ ಸ್ನಾನ ಮಾಡಿಸುವಾಗ. ಎರಡಕ್ಕೆ ಆದರೆ ಪೇಪರಿನ ಮೇಲೆ ಮಾಡಿಸಿ, ಸುತ್ತಿ ಕವರಿಗೆ ಹಾಕಿ ತೆಗೆದುಕೊಂಡು ಬನ್ನಿ. ಯಾರದೋ ತೋಟದ ಬೇಲಿಯ ಪಕ್ಕ ಅದು.

ರಾತ್ರಿ ಬಸ್ಸು

ಎಲ್ಲಕ್ಕಿಂತ ಕಷ್ಟದ್ದು ಇದೇ, ನಿಲ್ಲಿಸುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಊರಿನ ಕಡೆಗೆ ಹೋಗುವ ಬಸ್ಸುಗಳಲ್ಲಿ ಶೌಚಾಲಯ ನಾನು ಕಂಡಿಲ್ಲ. ಹತ್ತುವಾಗಲೇ ಕಂಡಕ್ಟರಿಗೆ ಹೇಳಿಬಿಡಿ: “ಸಾರ್, ಚಿಕ್ಕ ಮಗು ಇದೆ. ಊಟಕ್ಕೆ ಎಲ್ಲಿ, ಎಷ್ಟೊತ್ತಿಗೆ ನಿಲ್ಲಿಸ್ತೀರಿ? ಮಧ್ಯೆ ಅರ್ಜೆಂಟ್ ಆದ್ರೆ ಹೇಳ್ತೀನಿ.” ಮೊದಲೇ ಹೇಳಿದ್ದರೆ ನಡುರಾತ್ರಿ ಬಾಗಿಲು ಬಡಿದಾಗ ಅವರಿಗೂ ಸಿಟ್ಟು ಬರುವುದಿಲ್ಲ. ಸಾಮಾನ್ಯವಾಗಿ ನಿಲ್ಲಿಸುತ್ತಾರೆ, ಅವರ ಮನೆಯಲ್ಲೂ ಮಕ್ಕಳಿರುತ್ತವೆ. ಖಾಸಗಿ ಸ್ಲೀಪರಿನಲ್ಲಿ ಡ್ರೈವರ್ ಕ್ಯಾಬಿನ್ನಿನ ಬಾಗಿಲು ಮುಚ್ಚಿರುತ್ತದೆ, ಕೂಗಿದರೆ ಕೇಳುವುದಿಲ್ಲ. ಟಿಕೆಟಿನ ಮೆಸೇಜಿನಲ್ಲಿ ಬಂದ ನಂಬರನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಸೀಟು ಮುಂದಿನ ಸಾಲಿನಲ್ಲಿರಲಿ, ಸ್ಲೀಪರ್ ಆದರೆ ಕೆಳಗಿನದು.

ರಾತ್ರಿ ಬಸ್ಸಿಗೆ ಡೈಪರ್ ಹಾಕಬಹುದೇ ಎಂದು ಬಹಳ ಜನ ಕೇಳುತ್ತಾರೆ. ನನ್ನ ಅಭಿಪ್ರಾಯ: ಹಗಲಿಗೆ ಬೇಡ, ರಾತ್ರಿ ಬಸ್ಸಿಗೆ ಧಾರಾಳವಾಗಿ ಹಾಕಿ. ಹಗಲಿನ ಅಭ್ಯಾಸವೇ ಬೇರೆ, ನಿದ್ದೆಯಲ್ಲಿನ ಹಿಡಿತವೇ ಬೇರೆ. ಎಷ್ಟೋ ಮಕ್ಕಳಿಗೆ ಹಗಲಲ್ಲಿ ಸರಿಹೋಗಿ ವರ್ಷಗಳಾದ ಮೇಲೆ ರಾತ್ರಿಯದ್ದು ಬರುತ್ತದೆ. ಆದರೆ ಹೆಸರು ಬದಲಿಸಿ. ನಮ್ಮಲ್ಲಿ ಪ್ಯಾಂಟಿನಂತೆ ಏರಿಸುವ ಡೈಪರಿಗೆ ‘ಬಸ್ ಚಡ್ಡಿ’ ಅಂತ ಹೆಸರು. ಬಸ್ಸಿನಲ್ಲಿ ಮಾತ್ರ, ಊಟದ ಹೋಟೆಲಿನಲ್ಲಿ ಒಂದಕ್ಕೆ ಹೋದ ಮೇಲೆ ಹಾಕಿ, ಇಳಿದ ಕೂಡಲೇ ಬಿಚ್ಚುವುದು. ಪಾಪುವಿನ ಡೈಪರ್ ಮತ್ತೆ ಬಂತು ಅನ್ನುವ ಅವಮಾನ ಮಗುವಿಗಿಲ್ಲ.

ರೈಲು

ಮಕ್ಕಳಿರುವವರಿಗೆ ನನ್ನ ಮೊದಲ ಆಯ್ಕೆ ರೈಲೇ, ಎದ್ದು ನಡೆದರೆ ಶೌಚಾಲಯ. ಸ್ಲೀಪರ್ ಬೋಗಿಯ ಎರಡೂ ತುದಿಯಲ್ಲಿ ಎರಡೆರಡು ಇರುತ್ತವೆ. ತೀರಾ ತುದಿಯ ಸೀಟು ಬೇಡ, ವಾಸನೆ, ಬಾಗಿಲಿನ ಸದ್ದು. ತುದಿಯಿಂದ ಎರಡನೇ ಮೂರನೇ ಅಂಕಣ, ಅಂದರೆ 9ರಿಂದ 24ರೊಳಗಿನ ಕೆಳ ಬರ್ತ್ ಹಿತ. 5 ವರ್ಷದೊಳಗಿನ ಮಗುವಿಗೆ ಟಿಕೆಟ್ ಬೇಡ, ಆದರೆ ಪ್ರತ್ಯೇಕ ಬರ್ತೂ ಇಲ್ಲ. ಹಾಗಾಗಿ ರಾತ್ರಿ ಒದ್ದೆಯಾದರೆ ನಿಮ್ಮದೂ ಒದ್ದೆ. ರಬ್ಬರ್ ಶೀಟನ್ನು ಹಾಸಿಗೆಯ ಕೆಳಗೆ ಹಾಸಲು ಮರೆಯಬೇಡಿ. ಹತ್ತೂವರೆಗೆ ಮಲಗುವ ಮುಂಚೆ ಒಮ್ಮೆ, ನಡುರಾತ್ರಿ ನಿಮಗೆ ಎಚ್ಚರವಾದಾಗ ಅರೆನಿದ್ದೆಯಲ್ಲೇ ಎತ್ತಿಕೊಂಡು ಹೋಗಿ ಇನ್ನೊಮ್ಮೆ. ಬೆಳಿಗ್ಗೆ ಐದಕ್ಕೆ ಹೋದರೆ ಕ್ಯೂ ಇಲ್ಲ, ಆರೂವರೆಗೆ ಹೋದರೆ ಮಗುವಿನ ಕಥೆ ಮುಗಿದಂತೆ.

ರೈಲಿನ ಬಾಗಿಲ ಬಳಿ ಮಗುವಿನ ಕೈ ಬಿಡಲೇಬೇಡಿ. ಒಳಗೆ ಕುಲುಕಾಟ ಇರುತ್ತದೆ. ನೀವು ಗೋಡೆಗೆ ಬೆನ್ನು ಕೊಟ್ಟು ಗಟ್ಟಿಯಾಗಿ ನಿಂತು ಎತ್ತಿ ಹಿಡಿಯುವುದು ಸುಲಭ. ಈಗಿನ ಬೋಗಿಗಳಲ್ಲಿರುವುದು ಬಯೋ ಟಾಯ್ಲೆಟ್. ಕೆಳಗಿನ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಗಳು ಮಲವನ್ನು ಕರಗಿಸುತ್ತವೆ. ವೈಪ್ಸ್, ಡೈಪರ್ ಹಾಕಿದರೆ ಕಟ್ಟಿಕೊಂಡು ಇಡೀ ಬೋಗಿಗೆ ತೊಂದರೆ. ಕಸದ ಡಬ್ಬಿಗೇ ಹಾಕಿ. ಹಗಲಿನ ರೈಲಿನಲ್ಲಿ ಮಂಗಳೂರು ಕಡೆ ಹೋಗುವವರು ಸಕಲೇಶಪುರ ಬರುವ ಮೊದಲೇ ಕರೆದೊಯ್ಯಿರಿ. ಅಲ್ಲಿಂದ ಸುಬ್ರಹ್ಮಣ್ಯ ರೋಡಿನವರೆಗೆ 57 ಸುರಂಗ. ಎಣಿಸಲು ಕೂತ ಮಗು ಕಿಟಕಿ ಬಿಟ್ಟು ಏಳುವುದಿಲ್ಲ, ಕಟ್ಟಿಕೊಂಡೇ ಎಣಿಸುತ್ತದೆ.

ವಿಮಾನದ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಗಲ್ಫ್‌ನಿಂದ ಮಂಗಳೂರಿಗೆ ಮಕ್ಕಳ ಜೊತೆ ಬರುವ ನನ್ನ ನಾದಿನಿ ಮೂರು ಹೊತ್ತು ತಪ್ಪಿಸುವುದಿಲ್ಲ: ಹತ್ತುವ ಮೊದಲು ಗೇಟಿನ ಹತ್ತಿರ, ಊಟದ ಗಾಡಿ ದಾರಿ ಮುಚ್ಚುವ ಮೊದಲು, ಇಳಿಯಲು ಮುಕ್ಕಾಲು ಗಂಟೆ ಇರುವಾಗ. ಬೆಲ್ಟಿನ ದೀಪ ಹತ್ತಿದ ಮೇಲೆ ಎದ್ದೇಳಲು ಬಿಡುವುದಿಲ್ಲ. ವಿಮಾನದ ಫ್ಲಶ್ ಗಾಳಿ ಎಳೆದು ಅಬ್ಬರಿಸುತ್ತದೆ. ಮುಚ್ಚಳ ಹಾಕಿ, ಮಗು ಹೊರಗೆ ಹೋದ ಮೇಲೆ ಒತ್ತಿ.

ಊರು ಮುಟ್ಟಿದ ಮೇಲೂ ಹೋಗದಿದ್ದರೆ

ಒಂದಕ್ಕಿಂತ ಎರಡಕ್ಕೆಯದ್ದೇ ದೊಡ್ಡ ತಲೆನೋವು. ಜಾಗ ಬದಲಾದರೆ ಮಕ್ಕಳು ಎರಡು ದಿನ ಕಟ್ಟಿಕೊಳ್ಳುತ್ತವೆ. ಹಳ್ಳಿ ಮನೆಯ ಕಕ್ಕಸು ಅಂಗಳದಾಚೆ ಇದ್ದರೆ, ಅಲ್ಲೊಂದು ಜೇಡವಿದ್ದರೆ ಮುಗಿಯಿತು. ತಲುಪಿದ ಕೂಡಲೇ ಹಗಲು ಬೆಳಕಿನಲ್ಲಿ ತೋರಿಸಿ, ಜೇಡಕ್ಕೆ ಒಂದು ಹೆಸರಿಡಿ, ಸಂಜೆಗೆ ಟಾರ್ಚು ಮಗುವಿನ ಕೈಗೇ ಕೊಡಿ. ದಿನಾ ತಿಂಡಿಯಾದ ಮೇಲೆ ಅದೇ ಹೊತ್ತಿಗೆ ಐದು ನಿಮಿಷ ಕೂರಿಸಿ. ಕಮೋಡಿನಲ್ಲಿ ಕಾಲು ನೇತಾಡಿದರೆ ತಿಣುಕಲು ಆಗುವುದಿಲ್ಲ, ಕಾಲಡಿಗೆ ಒಂದು ಮಣೆಯೋ ಮಗುಚಿದ ಬಕೆಟ್ಟೋ ಇಡಿ. ದಾರಿಯಲ್ಲಿ ಬಿಸ್ಕತ್ತು, ಚಿಪ್ಸು, ಬನ್ನು ಕಡಿಮೆ ಮಾಡಿ ಪಪ್ಪಾಯ, ನೆನೆಸಿದ ಒಣದ್ರಾಕ್ಷಿ ಕೊಟ್ಟರೆ ಅರ್ಧ ಸಮಸ್ಯೆ ಬರುವುದೇ ಇಲ್ಲ. ಮೂರು ದಿನವಾದರೂ ಆಗದೆ ಹೊಟ್ಟೆನೋವು ಅಂದರೆ, ಅಥವಾ ಒಂದಕ್ಕೆ ಹೋಗುವಾಗ ಉರಿ, ಜ್ವರ ಇದ್ದರೆ, ಊರಿಗೆ ಹೋಗಿ ಬಂದ ಮೇಲೆ ಸರಿಯಾಗಿದ್ದ ಮಗು ಪದೇ ಪದೇ ಒದ್ದೆ ಮಾಡಿಕೊಳ್ಳತೊಡಗಿದರೆ ಡಾಕ್ಟರಿಗೆ ತೋರಿಸಿ. ಪಕ್ಕದ ಮನೆಯವರು ಹೇಳಿದ ಮದ್ದು ಬೇಡ.

ಒದ್ದೆ ಆಗಿಯೇ ಬಿಟ್ಟರೆ

ಇಷ್ಟೆಲ್ಲ ಮಾಡಿದರೂ ಆಗುತ್ತದೆ. ಬಾಯಿಗೆ ಬರುವ ಮೊದಲ ಮಾತನ್ನು ನುಂಗಿ. “ಪರವಾಗಿಲ್ಲ, ಚಡ್ಡಿ ಬದಲಿಸೋಣ” ಅಷ್ಟೇ ಸಾಕು. ಒದ್ದೆ ಬಟ್ಟೆ ಕವರಿಗೆ, ಮೈ ಒರೆಸಿ ಒಣ ಬಟ್ಟೆ ಮಗುವಿಗೆ, ಆಮೇಲೆ ಸೀಟು. ಸೀಟನ್ನು ಉಜ್ಜಬೇಡಿ, ಒಳಗೆ ಇಳಿಯುತ್ತದೆ. ಪಂಚೆ ತುಂಡನ್ನು ಒತ್ತಿ ಒತ್ತಿ ಹೀರಿಸಿ, ಸ್ವಲ್ಪ ನೀರು ಹಾಕಿ ಮತ್ತೆ ಹೀರಿಸಿ. ಊರು ಮುಟ್ಟಿದ ಮೇಲೆ ಅಡುಗೆ ಸೋಡಾ ಉದುರಿಸಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಕೊಡವಿದರೆ ವಾಸನೆ ಹೋಗುತ್ತದೆ.

ಮನೆಯೊಳಗೆ ಕಾಲಿಡುತ್ತಲೇ “ದಾರೀಲಿ ಏನ್ ಮಾಡಿದಳು ಗೊತ್ತಾ?” ಅಂತ ಶುರು ಮಾಡಬೇಡಿ. ನೆಂಟರಲ್ಲಿ ಯಾರಾದರೂ “ಇಷ್ಟು ದೊಡ್ಡವಳಾಗಿ!” ಅಂದರೆ ನಮ್ಮ ಅತ್ತೆ ಕೊಡುವ ಉತ್ತರ ನನಗೆ ಇಷ್ಟ: “ದೊಡ್ಡವಳಾಗಿದ್ರೆ ಕಾರು ಅವಳೇ ನಿಲ್ಲಿಸ್ತಿದ್ಲು.”

ವಾಪಸ್ ಹೊರಡುವ ಹಿಂದಿನ ರಾತ್ರಿ ಆ ಚೀಲವನ್ನು ಮತ್ತೆ ತೆಗೆದು ನೋಡಿ. ವೈಪ್ಸ್ ಖಾಲಿಯಾಗಿರುತ್ತದೆ, ಮಗ್ಗು ಅಜ್ಜಿಯ ಹೂಗಿಡದ ಬುಡದಲ್ಲಿರುತ್ತದೆ, ಎರಡು ಜೊತೆ ಬಟ್ಟೆ ಜಗಲಿಯ ತಂತಿಯ ಮೇಲೆ ಪುತ್ತೂರಿನ ಮಳೆಗೆ ಒಣಗದೆ ನೇತಾಡುತ್ತಿರುತ್ತದೆ.